ಹಾವಿನ ಪೊರೆ, ಅಜ್ಜಿಯ ಪೊರೆ

ಯಾರಾದರೂ ವಿಚಿತ್ರ ಸಂಗತಿ ಹೇಳತೊಡಗಿದರೆ ನಾನು ಮೊದಲು ಕೇಳುತ್ತಿದ್ದುದು, "ತಾರೀಖು ಯಾವುದು?" ಎಂದು. ಬಹಳ ಮಂದಿಗೆ ನೆನಪಿರುತ್ತಿರಲಿಲ್ಲ. ತಾರೀಖಿಲ್ಲದ ಅದ್ಭುತವನ್ನು ನಂಬಬಾರದು ಎಂಬುದು ದಿನಚರಿ ಬರೆಯುವ ನನ್ನ ನಿಯಮವಾಗಿತ್ತು. ಈಗ ಹೇಳಲಿರುವುದರ ತಾರೀಖು ನನ್ನ ಬಳಿ ಇದೆ. ಅದರಿಂದ ಏನೂ ಉಪಯೋಗವಾಗಿಲ್ಲ.

ಅದು ತೊಂಬತ್ತೆಂಟರ ಬೇಸಿಗೆ. ನಾನು ದೇವನೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದೆ. ಪಕ್ಕದ ಮನೆಯ ಸಿದ್ದಣ್ಣ ಗೊಬ್ಬರದ ಗುಂಡಿ ಅಗೆಯುವಾಗ ಗುದ್ದಲಿ ತಗುಲಿ ಒಂದು ಕೇರೆಹಾವಿಗೆ ಗಾಯವಾಯಿತು. ಅವನು ಅದನ್ನು ಹೊಡೆದು ಹಾಕುವ ಮೊದಲೇ ಚೀಲಕ್ಕೆ ತುಂಬಿಕೊಂಡು ದನದ ಡಾಕ್ಟರ ಬಳಿಗೆ ಒಯ್ದೆ. ಅವರು ನಗುತ್ತಲೇ ಹೊಲಿಗೆ ಹಾಕಿದರು. ನಡುಮನೆಯ ಮೂಲೆಯಲ್ಲಿ, ಮುಚ್ಚಳಕ್ಕೆ ಕಲ್ಲು ಹೇರಿದ ಬಿದಿರಿನ ಮಂಕರಿಯೊಳಗೆ ಅದನ್ನು ಇಟ್ಟೆ. ಅದು ಇಲಿ ತಿಂದ ದಿನವನ್ನು ನೀಲಿ ಮಸಿಯಲ್ಲಿ, ಉಪವಾಸವಿದ್ದ ದಿನವನ್ನು ಕೆಂಪು ಮಸಿಯಲ್ಲಿ ಬರೆದಿಡುತ್ತಿದ್ದೆ.

ಅದೇ ನಡುಮನೆಯ ಗೋಡೆಗೆ ಒರಗಿ ಅಜ್ಜಿ ಕೂತಿರುತ್ತಿದ್ದಳು. ನಾನು ಎರಡನೇ ಕ್ಲಾಸಿನಲ್ಲಿದ್ದಾಗಲೇ ಅವಳ ಕಣ್ಣು ಮಂಜಾಗಿ, ಆಮೇಲೆ ಪೂರ್ತಿ ಹೋಗಿತ್ತು. ಮೈಸೂರಿನ ಡಾಕ್ಟರು, ಪೊರೆ ಮಾತ್ರವಲ್ಲ, ಒಳಗಿನ ನರವೇ ಒಣಗಿದೆ, ಆಪರೇಷನ್ ಮಾಡಿ ಫಲವಿಲ್ಲ ಎಂದಿದ್ದರು. ಅವಳಿಗೆ ನಾವು ಹೇಳಿದ್ದು ಪೊರೆಯ ವಿಷಯವನ್ನಷ್ಟೇ. ಹಾಗಾಗಿ ಇವತ್ತಲ್ಲ ನಾಳೆ ಅದು ಬಿಟ್ಟೀತು, ದೊಡ್ಡವನಾದ ನನ್ನ ಮುಖ ಒಮ್ಮೆ ಕಂಡೀತು ಎಂದೇ ಅವಳು ಕಾಯುತ್ತಿದ್ದಳು.

ಕೆಲವು ವಾರಗಳಲ್ಲಿ ಗಾಯ ಮಾಯಿತು. ಆಮೇಲೆ ಹಾವು ಊಟ ಬಿಟ್ಟಿತು. ಕಣ್ಣುಗಳು ಹಾಲು ಬೆರೆಸಿದ ನೀರಿನಂತಾದವು. ಪೊರೆ ಬಿಡುವ ಹೊತ್ತು ಎಂದು ಅಜ್ಜಿಗೆ ಹೇಳಿದೆ.

"ಅದ್ಕೂ ಪೊರೆ ಬಂತೇನ್ಲಾ ಕಣ್ಗೆ?" ಎಂದು ಕೇಳಿದಳು. "ಸರಿ ಬುಡು. ಅದ್ರದ್ದು ಬುಟ್ಟಾಗ ನಂದೂ ಬುಡ್ತದೆ."

ಬಾಗಿಲಲ್ಲಿದ್ದ ಸಿದ್ದಣ್ಣ, "ಆವ್ಗೊಂದ್ ತೊಟ್ಟು, ಅಜ್ಜಿಗೊಂದ್ ತೊಟ್ಟು ಔಸ್ದಿ ಬುಡಪ್ಪ ಡಾಕ್ಟ್ರೇ" ಎಂದು ನನ್ನನ್ನು ಅಣಕಿಸಿದ.

"ಆ ಪೊರೆ ನಿನ್ ಬಾಯ್ಗೆ ಬರ್ಬೇಕಾಗಿತ್ತು ಕಣೋ" ಎಂದಳು ಅಜ್ಜಿ.

ಬೇಸಿಗೆಯ ಒಣಹವೆಗೋ ಗಾಯದ ದೆಸೆಗೋ ಪೊರೆ ತುಂಡುತುಂಡಾಗಿ ಬಂತು. ಎಡಗಣ್ಣಿನ ಮೇಲಿನದು ಮಾತ್ರ ಅಂಟಿಕೊಂಡೇ ಉಳಿಯಿತು. ಒದ್ದೆ ಬಟ್ಟೆಯಿಂದ ಮೆತ್ತಗೆ ಒತ್ತುತ್ತಿರು ಎಂದು ದನದ ಡಾಕ್ಟರು ಹೇಳಿದರು. ಅಪ್ಪ ಅವ್ವ ಮದುವೆಗೆಂದು ಮೂಗೂರಿಗೆ ಹೋಗಿದ್ದ ದಿನ, ಕಾಲೇಜಿನಿಂದ ಬಂದವನು ಅಂಗಿಯನ್ನೂ ಬದಲಿಸದೆ ಆ ಕೆಲಸಕ್ಕೆ ಕೂತೆ. ದೀಪ ಹಚ್ಚುವ ಹೊತ್ತು. ಬಲ್ಬು ಉರಿಯುತ್ತಿತ್ತು. ಹಾವಿನ ತಲೆ ನನ್ನ ಅಂಗೈಯಲ್ಲಿತ್ತು. ಬಟ್ಟೆಗೆ ಏನೋ ಅಂಟಿ ಬಂತು. ನೋಡಿದರೆ ಮೀನಿನ ಹುರುಪೆಯಷ್ಟು ತೆಳುವಾದ, ದುಂಡನೆಯ ಪೊರೆ.

"ಅಯ್ಯೋ, ಎದೆ ಮ್ಯಾಲೆ ಏನ್ಲಾ ಅದು, ರಕ್ತ!"

ಕೂಗಿದವಳು ಅಜ್ಜಿ. ನಾನು ತಲೆ ಬಗ್ಗಿಸಿ ನೋಡಿಕೊಂಡೆ. ಜೇಬಿನಲ್ಲಿದ್ದ ಕೆಂಪು ಪೆನ್ನು ಸೋರಿ ಬಿಳಿ ಅಂಗಿಯ ಮೇಲೆ ಅಂಗೈಯಗಲ ಹರಡಿತ್ತು. ಅಲ್ಲಿಯವರೆಗೆ ಅದು ನನಗೂ ಗೊತ್ತಿರಲಿಲ್ಲ.

"ಮಸಿ ಅಜ್ಜಿ" ಎಂದೆ.

ಅವಳ ಕಣ್ಣು ನನ್ನ ಎದೆಯಿಂದ ಮೇಲಕ್ಕೆ ಬಂದು ಮುಖದ ಮೇಲೆ ನಿಂತಿತು. ಎಂದಿನಂತೆ ಸದ್ದು ಬಂದ ಕಡೆಗೆ ತಿರುಗಿದ ಕಣ್ಣಲ್ಲ, ನೋಡುವ ಕಣ್ಣು. "ತಾತನ್ ಮಕವೇ ಕಣ್ಲಾ" ಎಂದಳು. "ಯಾಕ್ಲಾ ಇಂಗ್ ಸೊರಗಿದ್ದೀಯ?"

ನಾನು ಹಾವನ್ನು ಮಂಕರಿಗೆ ಬಿಟ್ಟು ಕಲ್ಲು ಹೇರಿದೆ. ಎದ್ದು ಅವಳ ಹತ್ತಿರ ಹೋಗುವಷ್ಟರಲ್ಲಿ ಅವಳು ಕೈಚಾಚಿ ಗಾಳಿಯಲ್ಲಿ ತಡವುತ್ತಿದ್ದಳು.

"ಕರೆಂಟ್ ಓಯ್ತೇನ್ಲಾ?"

ಬಲ್ಬು ಉರಿಯುತ್ತಲೇ ಇತ್ತು.

ಮರುದಿನ ಅವಳ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದೆ. ರೆಪ್ಪೆಯೂ ಅಲುಗಲಿಲ್ಲ. ಹಾವನ್ನು ಇನ್ನೊಂದು ಪೊರೆ ಬರುವವರೆಗೆ ಇಟ್ಟುಕೊಳ್ಳೋಣ ಎಂದೆ. ಯಾಕೆಂದು ಅವಳಿಗೆ ಗೊತ್ತಿತ್ತು. "ಬ್ಯಾಡ, ಬುಟ್ಬುಡು ಅದ್ನ" ಎಂದಳು. "ಕಣ್ ಬಂದದೆ ಅದ್ಕೆ. ಮಂಕ್ರಿ ಒಳ್ಗೆ ಏನ್ ನೋಡದು?" ಸಂಜೆ ಕಾಲುವೆ ಏರಿಯ ಮೇಲೆ ಬಿಟ್ಟೆ. ಅದು ಹುಲ್ಲಿನೊಳಗೆ ಸರಿದುಹೋಯಿತು.

ಮೈಸೂರಿನ ಡಾಕ್ಟರಿಗೆ ಹೇಳಿದಾಗ ಅವರು ಸಾಧ್ಯವೇ ಇಲ್ಲ ಎಂದರು. ಮಸಿಯ ವಾಸನೆ ಬಂದಿರಬೇಕು ಎಂದ ಒಬ್ಬ ಗೆಳೆಯ. ವಾಸನೆಗೆ ಬಣ್ಣವಿರುತ್ತದೆಯೇ? ಅದನ್ನು ಯಾವ ಮಸಿಯಲ್ಲಿ ಬರೆಯಬೇಕೆಂದು ತಿಳಿಯದೆ ದಿನಚರಿಯಲ್ಲಿ ಆ ದಿನದ ಪುಟವನ್ನು ಖಾಲಿ ಬಿಟ್ಟೆ. ಅದು ಇಂದಿಗೂ ಹಾಗೇ ಇದೆ.

ಅಜ್ಜಿ ಆ ವರ್ಷದ ಮಳೆಗಾಲದವರೆಗೆ ಬದುಕಿದ್ದಳು. ಪೊರೆಯ ಮಾತನ್ನು ಮತ್ತೆ ಎತ್ತಲಿಲ್ಲ. ದಿನವೂ ಸಂಜೆ ನನ್ನ ಹೆಜ್ಜೆಯ ಸದ್ದು ಕೇಳಿದರೆ ಮುಖ ಎತ್ತಿ, "ಕರೆಂಟ್ ಬಂತೇನ್ಲಾ?" ಎಂದು ಕೇಳುತ್ತಿದ್ದಳು.

ಉರಿಯುವ ಬಲ್ಬಿನ ಕೆಳಗೆ ನಿಂತು ನಾನು, "ಇನ್ನೂ ಇಲ್ಲ ಅಜ್ಜಿ" ಎನ್ನುತ್ತಿದ್ದೆ.