ಗೋಧಿಯಿಲ್ಲದ ಮನೆ

ಭಾನುವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಹಿತ್ತಿಲ ಬಾಗಿಲಿನ ಚಿಲಕ ಮತ್ತೆ ಸದ್ದು ಮಾಡಿತು. ಚಿಲಕದ ಸದ್ದು ಓದುಗರ ಅಮೂಲ್ಯ ಸಮಯಕ್ಕೆ ಯೋಗ್ಯವಾದ ವಿಷಯವಲ್ಲ, ನಿಜ. ಆದರೆ ರಾಜಾಜಿನಗರದ ನಮ್ಮ ಹೊಸ ಮನೆಯಲ್ಲಿ ಪಾಯಿಖಾನೆಗೆ ಹೋಗುವ ದಾರಿ ಅದೊಂದೇ, ಮತ್ತು ಗೋಧಿಯನ್ನು ಸಂಪೂರ್ಣ ಬಿಟ್ಟ ಮೇಲೂ ನನ್ನ ಹೆಂಡತಿ ಶಾರದೆ ಆ ದಾರಿಯನ್ನು ಬಿಟ್ಟಿರಲಿಲ್ಲ. ಅಂದು ಮರಳಿ ಬರುವಾಗ ಒಗೆಯುವ ಕಲ್ಲಿನ ಬಳಿ ಕುಸಿದಳು. ಓಡಿ ಎತ್ತಿಕೊಂಡೆ. ಅಷ್ಟು ಸುಲಭವಾಗಿ ಎತ್ತಲಾದದ್ದೇ ನನ್ನನ್ನು ನಡುಗಿಸಿತು. ನಿಘಂಟಿಗಿಂತ ಭಾರವಾದದ್ದನ್ನು ಎತ್ತಿ ಅಭ್ಯಾಸವಿದ್ದವನಲ್ಲ ನಾನು.

ವಿಲಾಯಿತಿಯಲ್ಲಿ ಓದಿ ಬಂದಿದ್ದ ವೈದ್ಯರು ಅವಳ ಹೊಟ್ಟೆಯ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು ಹೇಳಿ, ಗೋಧಿ ಇವಳ ಕರುಳಿಗೆ ವಿಷ, ತೂಕ ಇನ್ನೂ ಇಳಿದರೆ ಜೀವಕ್ಕೇ ಅಪಾಯ ಎಂದಿದ್ದರು. ಮುದ್ದೆ, ಅನ್ನದ ಮನೆಗೆ ಇದೂ ಒಂದು ಪಥ್ಯವೇ ಎಂದು ನಕ್ಕಿದ್ದೆ. ರವೆಯ ಡಬ್ಬಿಯನ್ನು ಗಡೀಪಾರು ಮಾಡಿದೆ. ಶ್ಯಾವಿಗೆಯನ್ನು ಎದುರುಮನೆಗೆ ದಾನ ಕೊಟ್ಟೆ. ನೆಂಟರು ತಂದ ಚಿರೋಟಿಯನ್ನು ಜಗುಲಿಯಲ್ಲೇ ತಡೆದು, ಅವರು ಹೋದ ಮೇಲೆ ನಾನೊಬ್ಬನೇ ತಿಂದು ಅಪಾಯವನ್ನು ನಿವಾರಿಸಿದೆ. ನನ್ನ ಅಮ್ಮ ಬಾಣಲೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು. ಸೊಸೆಯ ಹೊಟ್ಟೆ ಕೆಟ್ಟಾಗಲೆಲ್ಲ ತಪ್ಪದೆ ಇಂಗು ಕದಡಿದ ಮಜ್ಜಿಗೆ ಕೊಟ್ಟಳು. ಹೊಟ್ಟೆ ಕೆಡುವುದು ಹೆಚ್ಚಿದಂತೆ ಮಜ್ಜಿಗೆಯೂ ಹೆಚ್ಚಿತು.

ಆ ಭಾನುವಾರ ಸಂಜೆ ನಡುಮನೆಯಲ್ಲಿ ಮಲಗಿದ್ದ ಶಾರದೆಗೆ ಅಡುಗೆಮನೆ ಕಾಣುತ್ತಿತ್ತು.

"ಅತ್ತೆ, ಏನದು ನಾದ್ತಿರೋದು?"

"ನಿನಗೇ ಕಣಮ್ಮ, ಇಂಗು. ಬರೀ ಇಂಗು ಘಾಟು ಅಲ್ವಾ, ಒಂಚೂರು ಹಿಟ್ಟು ಬೆರೆಸಿ ಉಂಡೆ ಕಟ್ಟಿ, ಅದನ್ನೇ ಮಜ್ಜಿಗೆಗೆ ಕದಡ್ತೀನಿ. ನಮ್ಮಮ್ಮನೂ ಹೀಗೇ ಮಾಡ್ತಿದ್ದಿದ್ದು."

"ಯಾವ ಹಿಟ್ಟು?"

"ಗೋಧೀದು."

ನಾನು ಕುರ್ಚಿಯಿಂದ ಎದ್ದೆ. "ಅಮ್ಮಾ! ಎಲ್ಲಾ ಕೊಟ್ಟುಬಿಟ್ಟಿದ್ನಲ್ಲ, ಹಿಟ್ಟು ಎಲ್ಲಿತ್ತು?"

"ಔಷಧಿಗೆ ಬೇಕಾಗುತ್ತೆ ಅಂತ ಎರಡು ಹಿಡಿ ತೆಗೆದಿಟ್ಟಿದ್ದೆ."

"ಗೋಧಿ ತಿನ್ನಬಾರದು ಅಂತ ಡಾಕ್ಟರು ಹೇಳಿರಲಿಲ್ವಾ?"

"ತಿನ್ನಬಾರದು ಅಂದ್ರು. ಇಂಗು ಔಷಧಿ ಕಣೋ, ಊಟಾನಾ?"

ನಾನು ಇಂಗು ತಿಂದ ಮಂಗನಂತೆ ನಿಂತೆ. ತಿಂದವಳು ಮಾತ್ರ ಶಾರದೆ. ಅರ್ಥವಾದೊಡನೆ ಅಮ್ಮ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. "ನಾನೇ ನಿನ್ನ ಕೊಂದುಬಿಡ್ತಿದ್ನಲ್ಲೇ, ಮಗಳೇ."

"ಬಿಡಿ ಅತ್ತೆ. ಎಂ.ಎ. ಓದಿದ ನಿಮ್ಮ ಮಗ ಮನೆಯೆಲ್ಲ ಜಾಲಾಡಿದ್ರು, ಚಿರೋಟಿ ಬಿಟ್ರೆ ಅವರಿಗೇನೂ ಸಿಗ್ಲಿಲ್ಲ," ಎಂದು ಶಾರದೆ ಹೊಟ್ಟೆ ಹಿಡಿದುಕೊಂಡೇ ನಕ್ಕಳು.

ನಾವು ಶತ್ರುವಿಗಾಗಿ ಬೀದಿಬಾಗಿಲಲ್ಲಿ ಕಾವಲು ನಿಲ್ಲುತ್ತೇವೆ. ಅಕ್ಕರೆಯ ಕೈ ಚಾಚಿದ ಲೋಟವನ್ನು ಯಾರು ತಾನೆ ತಪಾಸಣೆ ಮಾಡುತ್ತಾರೆ, ಹೇಳಿ? ಒಗೆಯುವ ಕಲ್ಲನ್ನು ದಾಟುವಾಗ ನನ್ನ ಕಾಲು ಇಂದಿಗೂ ಒಂದು ಕ್ಷಣ ತಡೆದು ನಿಲ್ಲುತ್ತದೆ.

ಕರುಳು ನಮ್ಮನ್ನು ಕೂಡಲೇ ಕ್ಷಮಿಸಲಿಲ್ಲ. ಶ್ರಾವಣದ ಒಂದು ಶುಕ್ರವಾರ ಶಾರದೆ ಮೊದಲ ಬಾರಿಗೆ ಚಿಲಕ ತೆಗೆಯದೆ ಇಡೀ ರಾತ್ರಿ ನಿದ್ದೆ ಮಾಡಿದಳು. ಹಾಸಿಗೆಗೆ ಬಿಸಿಲು ಬಂದರೂ ಏಳದ್ದನ್ನು ಕಂಡು, ಗಾಬರಿಯಿಂದ ಅವಳ ಮೂಗಿನ ಬಳಿ ಬೆರಳು ಹಿಡಿದು ನೋಡಿದೆ. ಉಸಿರು ಬೆಚ್ಚಗಿತ್ತು. ಅಡುಗೆಮನೆಗೆ ಹೋದರೆ ಒಲೆ ಹೊತ್ತಿರಲಿಲ್ಲ. ಅಮ್ಮ ಅದರ ಮುಂದೆ ಕೈಕಟ್ಟಿ ಕುಳಿತಿದ್ದಳು.

"ಪಾತ್ರೆ ಸದ್ದಾದ್ರೆ ಎದ್ದುಬಿಡ್ತಾಳೆ ಕಣೋ," ಎಂದು ಪಿಸುಗುಟ್ಟಿದಳು. "ಕಾಫಿ ಇಲ್ಲ. ಹೋಗಿ ನೀನೂ ಮಲಕ್ಕೋ."

ಜೀವಮಾನದಲ್ಲಿ ಮೊದಲ ಸಲ ಕಾಫಿಗಾಗಿ ಗೊಣಗದೆ ಹೋಗಿ ಮಲಗಿದೆ.