ಮದುವೆಯಾದವರಿಗೊಂದು ಕೋಣೆ

೧೯೮೯ರಲ್ಲೇ ತೀರ್ಥಹಳ್ಳಿಯ ಮುಕುಂದಯ್ಯನವರ ಪಡಸಾಲೆಯಲ್ಲಿ ಕಂಪ್ಯೂಟರ್ ಇತ್ತು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಮ್ಮ ಗಂಟೇನು ಹೋಗುತ್ತದೆ! ಅದು ಬಂದದ್ದು ಅಕ್ಕಿ ಗಿರಣಿಯ ಲೆಕ್ಕಕ್ಕೆ. ಗಿರಣಿಯ ಗುಮಾಸ್ತ ಮಾತ್ರ ಅದನ್ನು ಕಂಡದ್ದೇ ತಡ, "ಅದು ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ" ಎಂದು ಹಟ ಹಿಡಿದು ಕೂತ. ಗುಮಾಸ್ತ ಗಿರಣಿಯಲ್ಲೇ ಉಳಿದ, ಕಂಪ್ಯೂಟರ್ ಮನೆಗೆ ಬಂತು. ಬಂದು ಮುಕುಂದಯ್ಯನವರ ಇನ್ನೊಂದು ಹುಚ್ಚಿಗೆ ಸಿಕ್ಕಿಕೊಂಡಿತು.

ಆ ಹುಚ್ಚು ಮದುವೆ ಜೋಡಿಸುವುದು. ದಲ್ಲಾಳಿ ಎಂದರೆ ಕೆಂಡವಾಗುತ್ತಿದ್ದರು, ಅವರು ಮಾಡುತ್ತಿದ್ದದ್ದು ಪುಣ್ಯಕ್ಕೆ. ಹೊಸನಗರದಿಂದ, ಸಾಗರದಿಂದ, ಹಿನ್ನೀರಿನಾಚೆಯ ಬ್ಯಾಕೋಡಿನಿಂದ ಕೂಡ ಜಾತಕ ಹಿಡಿದು ಜನ ಬರುತ್ತಿದ್ದರು. ಒಬ್ಬೊಬ್ಬ ಗಂಡಿಗೆ, ಒಬ್ಬೊಬ್ಬ ಹೆಣ್ಣಿಗೆ ಕಂಪ್ಯೂಟರಿನಲ್ಲಿ ಒಂದೊಂದು ಫೈಲು. ಇವತ್ತು ಫೋಲ್ಡರ್ ಎನ್ನುವುದಕ್ಕೆ ಆಗ ಡೈರೆಕ್ಟರಿ ಎನ್ನುತ್ತಿದ್ದರು, ಆ ಮನೆಯವರು ಕೋಣೆ ಎನ್ನುತ್ತಿದ್ದರು. ಇದ್ದದ್ದು ಒಂದೇ ಕೋಣೆ. ಎಲ್ಲರೂ ಅದರೊಳಗೇ.

ಅದನ್ನೆಲ್ಲ ಬೆರಳಚ್ಚಿಸಿ ತುಂಬಿದವಳು ಶರಾವತಿ, ಮುಕುಂದಯ್ಯನವರ ತೀರಿಹೋದ ತಮ್ಮನ ಮಗಳು. ಬಿ.ಕಾಂ. ಮುಗಿಸಿ, ಶಿವಮೊಗ್ಗದಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದಳು. ವಯಸ್ಸು ಮೂವತ್ತು ದಾಟಿತ್ತು. ಅವಳನ್ನು ನೋಡಲು ಬಂದವರು ಬಂದರು, ಉಪ್ಪಿಟ್ಟು ತಿಂದರು, "ತಿಳಿಸ್ತೀವಿ" ಎಂದು ಹೋದರು. ತಿಳಿಸಿದವರು ಯಾರೂ ಇಲ್ಲ. ಯಾವ ಗಂಡಿನ ಜಾತಕ ಬಂದರೂ ಮುಕುಂದಯ್ಯನವರು ಮೊದಲು ಅವಳ ಫೈಲು ತೆಗೆಸಿ ಹೊಂದಿಸಿ ನೋಡುತ್ತಿದ್ದರು. ಅವಳ ಫೈಲನ್ನು ಅವಳ ಕೈಯಲ್ಲೇ ತೆಗೆಸುತ್ತಿದ್ದರು! ಪ್ರೀತಿಯಿಂದಲೇ ಮಾಡುತ್ತಿದ್ದರು, ಅದೇ ಸಂಕಟ.

ಆದರೂ ಆ ಪೆಟ್ಟಿಗೆ ಅವಳಿಗೆ ಜೀವ. ಅದು ಬರುವ ಮೊದಲು ಮನೆಗೆ ಬಂದವರೆಲ್ಲ "ಶರಾವತಿಗೆ ಗಂಡು ಸಿಕ್ತಾ?" ಎಂದು ಕೇಳುತ್ತಿದ್ದರು. ಈಗ ಅವರೇ ಜಗಲಿಯಲ್ಲಿ ಚಪ್ಪಲಿ ಬಿಡುತ್ತ "ಶರಾವತಮ್ಮ ಇದಾರಾ?" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವಳು ಊಟ ಬಿಟ್ಟಾದರೂ ಕೂತು ಕೆಲಸ ಮಾಡುವವಳು.

ಇಂಥ ಕಂಪ್ಯೂಟರಿಗೆ ಸೋಮಾರಿತನ ಹಿಡಿಯಿತು. ಮೊದಮೊದಲು ಗುಂಡಿ ಒತ್ತಿದರೆ ಹೆಸರುಗಳು ಪಟಪಟನೆ ಬೀಳುತ್ತಿದ್ದವು. ಬರಬರುತ್ತ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ, ಹಾಲು ಉಕ್ಕದಂತೆ ಇಳಿಸಿ ಬಂದರೂ ಕೋಣೆ ತೆರೆದಿರುತ್ತಿರಲಿಲ್ಲ. ಊರಿಗೆ ಊರೇ ವೈದ್ಯರಾಯಿತು. ವೋಲ್ಟೇಜು ಸಾಲದು ಎಂದರು ಕೆಲವರು, ಸ್ಟೆಬಿಲೈಸರ್ ಬಂತು. ಥಂಡಿ ಹಿಡಿದಿದೆ ಎಂದರು ಕೆಲವರು, ಪಕ್ಕದಲ್ಲಿ ದೊಡ್ಡ ಬಲ್ಬು ಉರಿಯಿತು. ಆಯುಧಪೂಜೆಯ ಕುಂಕುಮ ಒಳಗೆ ಇಳಿದಿದೆ ಎಂದು ಮುಕುಂದಯ್ಯನವರಿಗೇ ಅನುಮಾನ, ಅದನ್ನೂ ಊದಿ ತೆಗೆಸಿದರು. ಕಂಪ್ಯೂಟರ್ ಜಪ್ಪಯ್ಯ ಎನ್ನಲಿಲ್ಲ.

ಕೊನೆಗೆ ಶಿವಮೊಗ್ಗದಿಂದ ಎಂಜಿನಿಯರ್ ಬಂದ. ನೋಡಿದವನೇ ನಕ್ಕ. "ಒಂದೇ ಡೈರೆಕ್ಟರೀಲಿ ಇಷ್ಟು ಜನಾನ ತುಂಬಿದ್ರೆ ಇನ್ನೇನಾಗುತ್ತೆ ಸಾರ್? ಮದುವೆ ಆದೋರನ್ನೆಲ್ಲ ಅಳಿಸಿಹಾಕಿ, ಸರಿಹೋಗುತ್ತೆ."

ಅವನು ಹೇಳಿದ ಕಾರಣ ಸರಿಯೇ. ಆದರೆ ಕಂಬಕ್ಕೆ ಒರಗಿ ಕೂತಿದ್ದ ಶೇಷಮ್ಮ, ಮುಕುಂದಯ್ಯನವರ ತಾಯಿ, ಧಡಕ್ಕನೆ ಎದ್ದುಬಿಟ್ಟರು.

"ಎಂಥ ಅಂದ್ಯೋ ತಮಾ? ಬಾಳಿ ಬದುಕ್ತಿರೋ ಮಕ್ಕಳ ಹೆಸರು ಅಳಿಸ್ತಾರಾ? ದೀಪ ಆರಿಸು ಅನ್ನೋ ಮಾತೇ ಈ ಮನೇಲಿಲ್ಲ, ದೊಡ್ಡದು ಮಾಡು ಅಂತೀವಿ. ಒಂದು ಹೆಸರು ಅಳಿಸಿದ್ರೂ ನಾನು ನೀರು ಮುಟ್ಟಲ್ಲ, ನೋಡಿ!"

ಎಂಜಿನಿಯರ್ ಕಾಫಿ ಕುಡಿದು ಬಸ್ಸು ಹತ್ತಿದ. ತಾಯಿಯ ಮಾತು ಮೀರುವ ಎದೆ ಮುಕುಂದಯ್ಯನವರಿಗೆ ಇರಲಿಲ್ಲ.

ಆ ವಾರವೇ ಹೊಸನಗರದ ಚಂದ್ರಯ್ಯ ಮಗಳಿಗೆ ಗಂಡು ಕೇಳಿಕೊಂಡು ಬಂದರು. ಕಂಪ್ಯೂಟರ್ ಯೋಚಿಸಿತು, ಯೋಚಿಸಿತು, ಅಷ್ಟರಲ್ಲಿ ಹೊಸನಗರದ ಕೊನೆಯ ಬಸ್ಸು ಹೋಯಿತು. "ನಿಮ್ಮ ಪೆಟ್ಟಿಗೆ ಹೆಸರು ಹೇಳೋದ್ರೊಳಗೆ ನಮ್ಮ ಹುಡುಗಿ ಅಜ್ಜಿ ಆಗ್ತಾಳೆ ಮಾರಾಯ್ರೇ" ಎಂದು ಚಂದ್ರಯ್ಯ ನಗುತ್ತಲೇ ಅಂದದ್ದು ಮುಕುಂದಯ್ಯನವರ ಎದೆಗೆ ನಾಟಿತು. ಒಳಗೆ ಬಂದವರು ಹೇಳಿಯೇಬಿಟ್ಟರು.

"ಸಾಕು ಇದರ ಸಹವಾಸ. ಶಿವಮೊಗ್ಗದ ಟೈಪಿಂಗ್ ಶಾಲೆಯೋರು ಕೇಳ್ತಿದ್ರು. ಸೋಮವಾರ ಅವರ ಜೀಪು ಬರುತ್ತೆ, ಕೊಟ್ಟು ಕಳಿಸ್ತೀನಿ."

ಪೆಟ್ಟಿಗೆ ಹೋದರೆ ತಾನು ಮತ್ತೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲುವ ಶರಾವತಿಯೇ. ಬೆಳಗಾಗುತ್ತಲೇ ಅಜ್ಜಿಯ ಮುಂದೆ ಹೋಗಿ ಕೂತಳು.

"ಅಜ್ಜಿ, ಮದುವೆ ಆದ ಹುಡುಗೀನ ತವರಿನೋರು ಅಳಿಸಿಹಾಕ್ತಾರಾ?"

"ಥೂ, ಬಿಡ್ತು ಅನ್ನು. ಅವಳ ಮನೆಗೆ ಕಳಿಸ್ತಾರೆ."

"ಹಂಗೇ ಮಾಡಾಣ. ಮದುವೆ ಆದೋರಿಗೆ ಬೇರೆ ಕೋಣೆ ಕಟ್ತೀನಿ. ಮೊದಲು ಅಲ್ಲಿ ಹೆಸರು ಬರ್ದು, ಆಮೇಲೆ ಇಲ್ಲಿಂದ ತೆಗೀತೀನಿ. ಕಳಿಸಿಕೊಟ್ಟಂಗೆ. ಆಗಬಹುದಾ?"

ಶೇಷಮ್ಮ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದರು. "ಅಳಿಸಿದಂಗೆ ಆಗಲ್ಲ ತಾನೆ? ಹಂಗಾರೆ ಆಗಬಹುದು. ಒಳ್ಳೆ ಹೊತ್ತು ನೋಡಿ ಶುರು ಮಾಡು."

ಶನಿವಾರ ಬೆಳಿಗ್ಗೆ ಹಿಡಿದ ಕೆಲಸ! ಶರಾವತಿ ಹೆಸರು ಓದುವುದು, ಅಜ್ಜಿ ಕಂಬಕ್ಕೆ ಒರಗಿ ತೀರ್ಪು ಕೊಡುವುದು. ಮೂರು ತಾಲ್ಲೂಕಿನ ಮದುವೆಗಳೆಲ್ಲ ಆ ಮುದುಕಿಯ ನಾಲಗೆಯ ತುದಿಯಲ್ಲಿದ್ದವು.

"ಅವಳಾ? ಬ್ಯಾಕೋಡಿಗೆ ಕೊಟ್ರಲ್ಲ, ಹೊಳೆಬಾಗಿಲಲ್ಲಿ ಲಾಂಚು ಕಾದು ಕಾದು ದಿಬ್ಬಣಾನೇ ತಡ ಆಗಿತ್ತು. ಕಳಿಸು, ಕಳಿಸು."

"ಇವನು ಅಜ್ಜಿ?"

"ಇವನಿಗೆ ಇನ್ನೂ ಆಗಿಲ್ಲ, ಆಗೋದೂ ಇಲ್ಲ. ಸುಮ್ನೆ ಜಂಬ. ಅಲ್ಲೇ ಬಿದ್ದಿರಲಿ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಊಟದ ನೆನಪಿಲ್ಲ, ಸ್ನಾನದ ನೆನಪಿಲ್ಲ. ಭಾನುವಾರ ಮಧ್ಯಾಹ್ನ ಕೋಣಂದೂರು ಕಡೆಯ ವರದಾಳ ಹೆಸರು ಬಂತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ. ಅಜ್ಜಿಯ ನಗು ನಿಂತಿತು.

"ಇವಳನ್ನ ಯಾವ ಕಡೆಗೆ ಹಾಕ್ತೀಯೆ?"

ಶರಾವತಿ ಇನ್ನೊಂದು ಕೋಣೆ ಮಾಡಿ ವರದಾಳನ್ನು ಅಲ್ಲಿ ಇಟ್ಟಳು. ಆಮೇಲೆ ತನ್ನ ಫೈಲನ್ನೂ ಅಲ್ಲಿಗೇ ಸೇರಿಸಿದಳು. ಸೇರಿಸಿದ ಮೇಲೆ ಎಂಥದೋ ಹಗುರ, ಕೂಗಿ ಹಾಡಬೇಕು ಅನ್ನಿಸುವಂಥದು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಮದುವೆಯಾದವರೆಲ್ಲ ಹೊಸ ಕೋಣೆ ಸೇರಿದ್ದರು. ಹಳೆಯ ಕೋಣೆಯಲ್ಲಿ ಉಳಿದದ್ದು ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ದೇವರನ್ನು ನೆನೆದು ಗುಂಡಿ ಒತ್ತಿದಳು. ಕಾದಳು. ಮತ್ತೂ ಕಾದಳು. ಅಯ್ಯೋ ಶಿವನೇ, ಅದೇ ಆಮೆ ನಡಿಗೆ! ಅಷ್ಟರಲ್ಲಿ ಬೀದಿಯಲ್ಲಿ ಜೀಪಿನ ಹಾರನ್ನು ಕೇಳಿತು.

ಮುಕುಂದಯ್ಯನವರು ಡ್ರೈವರನನ್ನು ಜಗಲಿಯಲ್ಲಿ ಕೂರಿಸಿ, ತಿಂಡಿ ಹಾಕಿಸಿದರು. ಶರಾವತಿಗೆ ಅಳು ಒತ್ತಿಕೊಂಡು ಬಂತು. ಎಲ್ಲರೂ ಹೋದಮೇಲೂ ಇದಕ್ಕೇಕೆ ಇಷ್ಟು ಹೊತ್ತು? ಯಾರನ್ನು ಹುಡುಕುತ್ತಿದೆ? ಮದುವೆ ಮನೆಯ ಪಂಕ್ತಿ ಕಣ್ಣಿಗೆ ಬಂತು. ಜನ ಎದ್ದುಹೋದರೂ ಎಲೆ ತೆಗೆಯದಿದ್ದರೆ ಬಡಿಸುವವನು ಸಾಲಿನ ಕೊನೆಯ ತನಕ ನಡೆಯಲೇಬೇಕು. ಇದೂ ಖಾಲಿಯಾದ ಜಾಗಗಳನ್ನೆಲ್ಲ ಒಂದೊಂದಾಗಿ ಇಣುಕಿ ನೋಡುತ್ತಿದೆಯೋ ಏನೋ! ಹಾಗಿದ್ದರೆ ಹೊಸ ಪಂಕ್ತಿಯನ್ನೇ ಹಾಕಬೇಕು. ಉಳಿದವರನ್ನೂ ಬೇರೆ ಹೊಸ ಕೋಣೆಗೆ ಸಾಗಿಸಿ, ಹಳೆಯದನ್ನು ಕೆಡವಬೇಕು.

"ಅಜ್ಜಿ, ಆ ಡ್ರೈವರಿಗೆ ಇನ್ನೊಂದೆರಡು ದೋಸೆ ಹಾಕಿಸು!" ಎಂದು ಕೂಗಿ ಕೀಲಿಗಳ ಮೇಲೆ ಬೆರಳು ಓಡಿಸಿದಳು. ಪೆಟ್ಟಿಗೆ ಗರಗರ ಎಂದಿತು. ಒಬ್ಬೊಬ್ಬರೇ ದಾಟಿದರು. ಡ್ರೈವರ್ ಕೈ ತೊಳೆದು ಬಾಗಿಲಿಗೆ ಬಂದ, ಮುಕುಂದಯ್ಯನವರು ತಂತಿ ಕೀಳಲು ಬಗ್ಗಿದರು.

"ದೊಡ್ಡಪ್ಪಾ, ತಡೀರಿ! ಮುಟ್ಟಬೇಡಿ!"

ಗುಂಡಿ ಒತ್ತಿದಳು. ಪಟಪಟಪಟ! ರೆಪ್ಪೆ ಬಡಿಯುವುದರೊಳಗೆ ಹಸಿರು ಅಕ್ಷರಗಳು ಪರದೆ ತುಂಬ. ಮುಕುಂದಯ್ಯನವರು ಬಗ್ಗಿದ್ದವರು ಬಗ್ಗಿದಂತೆಯೇ ನಿಂತರು.

"ಇನ್ನೊಂದ್ಸಲ ಒತ್ತು ನೋಡಾಣ."

ಒತ್ತಿದಳು. ಪಟಪಟಪಟ!

"ಅಬ್ಬಬ್ಬಾ! ಭೇಷ್ ಮಗಳೇ, ಭೇಷ್! ಚಂದ್ರಯ್ಯ ಬರಲಿ ಈಗ, ಅವನು ಚಪ್ಪಲಿ ಬಿಡೋದ್ರೊಳಗೆ ಗಂಡು ತೋರಿಸ್ತೀನಿ!" ಕುರ್ಚಿ ಎಳೆದು ಕೂತವರೇ ಅಭ್ಯಾಸದಂತೆ ಒಂದು ಹೆಸರಿಗಾಗಿ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೆ ನೋಡಿದರು. "ನಿನ್ನ ಹೆಸರೇ ಇಲ್ಲವಲ್ಲೇ ಇದರಲ್ಲಿ?"

"ಮೂರನೇ ಕೋಣೇಲಿ ಇದೆ ದೊಡ್ಡಪ್ಪ."

"ಅದೆಂಥ ಕೋಣೆ? ಯಾರಿದಾರೆ ಅಲ್ಲಿ?"

"ಯಾರಿಗೂ ಕಾಯದೆ ಇರೋರು." ಅವಳ ದನಿ ತಾನಾಗಿಯೇ ಗಟ್ಟಿಯಾಯಿತು. "ಪೆಟ್ಟಿಗೆ ಇಲ್ಲೇ ಇರಲಿ ದೊಡ್ಡಪ್ಪ. ನಾನು ನಡೆಸ್ತೀನಿ. ಆದ್ರೆ ನನ್ನ ಹೆಸರು ಇನ್ನು ಯಾರ ಜೊತೇಲೂ ಹೊಂದಿಸಬೇಡಿ."

ಮುಕುಂದಯ್ಯನವರ ಮುಖ ಕೆಂಪಾಯಿತು. ಡ್ರೈವರ್ ತಂತಿಯನ್ನೂ ಅವರನ್ನೂ ನೋಡುತ್ತ ನಿಂತಿದ್ದ. ಆಗ ಶೇಷಮ್ಮ ಕಂಬ ಬಿಟ್ಟು ಎದ್ದು ಬಂದು, ಮಗನ ಭುಜ ಹಿಡಿದು ಕುರ್ಚಿಯಿಂದ ಎಬ್ಬಿಸಿ, ತಾವೇ ಪೆಟ್ಟಿಗೆಯ ಮುಂದೆ ಕೂತರು. ಇಪ್ಪತ್ತಕ್ಕೆ ಗಂಡನನ್ನು ಮಣ್ಣು ಮಾಡಿ, ಎರಡು ಗಂಡುಮಕ್ಕಳನ್ನು ಒಬ್ಬರೇ ಸಾಕಿದವರು.

"ನಂದೂ ಒಂದು ಹೆಸರು ಬರಿಯೇ ಅಲ್ಲಿ."

ಮುಕುಂದಯ್ಯನವರು ತಾಯಿಯನ್ನೇ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಡ್ರೈವರನ ಕಡೆ ತಿರುಗಿ, "ನೀನು ಹೊರಡಪ್ಪ. ಕೊಡೋದಿಲ್ಲ ಅಂತ ಹೇಳಿಬಿಡು" ಎಂದರು.

ಶರಾವತಿ ಕಣ್ಣು ಒರೆಸಿಕೊಂಡು ಅಜ್ಜಿಯ ಹೆಸರು ಬೆರಳಚ್ಚಿಸಿದಳು. "ಓದು ಅಂತ ಒಂದು ಜಾಗ ಇದೆ ಅಜ್ಜಿ. ಇಲ್ಲ ಅಂತ ಹಾಕ್ಲಾ?"

"ಇಲ್ಲ ಅಂತ ಯಾಕೆ ಹಾಕ್ತೀಯೆ?" ಶೇಷಮ್ಮ ಕೀಲಿಗಳ ಮೇಲೆ ಬೆರಳಿಟ್ಟು ಅಂದರು. "ಕಲೀತಿದಾಳೆ ಅಂತ ಹಾಕು."