ಪೈಲಟ್‌ಗಳ ಮುಖದ ಬಣ್ಣ

ನಮ್ಮ ಮನೆಯ ಹುಡುಗಿ ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಮುಗಿಸಿದೆ. ನೈರೋಬಿಗೂ ಬಂದೆ. ಬಂದು, ಆ ಡಿಗ್ರಿಯ ಮಾನ ಉಳಿಸಿಕೊಳ್ಳಲು, ಮುತುವಾ ಎಂಬ ಒಳ್ಳೆಯ ಕೆಲಸಗಾರರ ಮೇಲೆ ನನ್ನ ತಪ್ಪು ಹೊರಿಸಿದೆ — ಅವರ ಎದುರಿಗೇ, ಅವರಿಗೆ ತಿಳಿಯದ ಕನ್ನಡದಲ್ಲಿ. ಅದಕ್ಕೇ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇಂಡಸ್ಟ್ರಿಯಲ್ ಏರಿಯಾದ ಒಂದು ಟೀ ಶರ್ಟ್ ಕಾರ್ಖಾನೆಯಲ್ಲಿ ನಾನು ಡಿಸೈನರ್, ಮುತುವಾ ಇಂಕು ಕಲಸುವವರು. ಆರು ವರ್ಷದ ಹಿಂದೆ ಒಂದು ಫ್ಲೈಯಿಂಗ್ ಸ್ಕೂಲಿನವರು ಆರ್ಡರ್ ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಹಾರಿದ ಕಪ್ಪು ಪೈಲಟ್‌ಗಳ ನೆನಪಿಗೆ ಟೀ ಶರ್ಟು. ಕರಿಯರ ಕೈಲಿ ವಿಮಾನ ಹಾರಿಸಲಾಗದು ಎನ್ನುತ್ತಿದ್ದ ಕಾಲದಲ್ಲಿ ಹಾರಿಸಿ ತೋರಿಸಿದವರು. ಹಳೆಯ ಫೋಟೋ, ಕೆಂಪು ಬಾಲದ ವಿಮಾನ, ಮುಂದೆ ನಾಲ್ವರು ನಗುತ್ತ ನಿಂತಿದ್ದಾರೆ.

ಕಾಲೇಜಿನ ದಿನಗಳಲ್ಲಿ ಫೀಸಿಗಾಗಿ ದಾವಣಗೆರೆಯ ಒಂದು ಫೋಟೋ ಸ್ಟುಡಿಯೋದಲ್ಲಿ ದುಡಿದವಳು ನಾನು. ಮದುವೆ ಆಲ್ಬಮ್ಮಿಗೆ ಬಂದ ಮುಖವನ್ನೆಲ್ಲ ಬೆಳ್ಳಗೆ ಮಾಡುವುದೇ ಕೆಲಸ. ಯಾರೂ ಹೇಳಬೇಕಾಗಿರಲಿಲ್ಲ, ಕೈ ತಾನೇ ಮಾಡುತ್ತಿತ್ತು. ಈ ನಾಲ್ವರಿಗೂ ಮಾಡಿತು. ನನಗೆ ಗೊತ್ತೇ ಆಗಲಿಲ್ಲ — ಇಲ್ಲ, ಮುಖ “ಚೆನ್ನಾಗಿ ಬಂತು” ಎಂದು ಅಂದುಕೊಂಡದ್ದು ನೆನಪಿದೆ.

ಫ್ಲೈಯಿಂಗ್ ಸ್ಕೂಲಿನ ಮೇಡಂ, ತಾವೇ ಪೈಲಟ್, ಟೀ ಶರ್ಟನ್ನು ಮೇಜಿನ ಮೇಲೆ ಹರಡಿ ಆ ಮುಖಗಳ ಮೇಲೆ ಬೆರಳಿಟ್ಟರು. “ಇವರು ಯಾರು? ನಾನು ಕೇಳಿದವರು ಇವರಲ್ಲ.”

ನಮ್ಮ ಮ್ಯಾನೇಜರ್ ಪ್ರಭಾಕರ್ ಮೈಸೂರಿನವರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: “ಯಾರದಮ್ಮಾ ಇದು? ನಿಂದಾ, ಅವನದ್ದಾ?”

“ಇಂಕ್ ತೆಳ್ಳಗೆ ಕಲಸಿದಾರೆ ಸರ್.”

ಅಷ್ಟೇ. ಪಕ್ಕದಲ್ಲೇ ನಿಂತಿದ್ದ ಮುತುವಾ ನಮ್ಮಿಬ್ಬರ ಮುಖ ನೋಡಿ, “ಸವಾ, ಮೇಡಂ?” ಎಂದು ನನ್ನನ್ನು ಕೇಳಿದರು — ಸ್ವಾಹಿಲಿಯಲ್ಲಿ, ಎಲ್ಲ ಸರಿಯಾಯಿತಾ ಎಂದು. ನಾನು ತಲೆಯಾಡಿಸಿದೆ.

ಕಂಪನಿಯಿಂದ ಅವರನ್ನು ಪ್ರಿಂಟಿಂಗ್ ಕೋರ್ಸಿಗೆ ಕಳಿಸುವುದೆಂದು ಆಗಿತ್ತು. ಬಣ್ಣ ತಪ್ಪಿದ್ದು ಅವರಿಂದಲೇ ಎಂದು ಹೇಳಿ ಅದನ್ನು ನಿಲ್ಲಿಸಿದರು. ಅವರು ಪ್ರಿಂಟಿಂಗ್ ಸ್ಕ್ರೀನ್‌ಗಳನ್ನು ತೊಳೆಯುವ ಕೆಲಸಕ್ಕೆ ಹೋದರು. ನಾನು ಹೆಡ್ ಡಿಸೈನರ್ ಆದೆ. ಪ್ರತಿದಿನ ಅವರೇ ಮೊದಲು ನಮಸ್ಕಾರ ಹೇಳುತ್ತಿದ್ದರು...

ಕಳೆದ ವರ್ಷ ಒಂದು ಬೆಳಿಗ್ಗೆ ಅವರು ಕಣ್ಣಿನ ಆಸ್ಪತ್ರೆಗೆಂದು ಅರ್ಧ ದಿನ ರಜೆ ಕೇಳಿದರು. ಏನಾಯಿತು ಎಂದೆ. “ಆ ಪೈಲಟ್ ಟೀ ಶರ್ಟಿಗೆ ಅಳತೆ ಸರಿಯಾಗೇ ಹಾಕಿದ್ದೆ ಮೇಡಂ. ಆದ್ರೂ ಬಣ್ಣ ತಪ್ಪಿತು. ನನ್ನ ಕಣ್ಣಿಗೇ ಬಣ್ಣ ತಿಳಿಯಲ್ಲ ಅನ್ಸುತ್ತೆ. ಇದು ಮೂರನೇ ಡಾಕ್ಟರ್.”

ಕೋರ್ಸು ಕಸಿದದ್ದು ಗೊತ್ತಿತ್ತು. ಕಣ್ಣಿನ ಮೇಲಿನ ನಂಬಿಕೆಯನ್ನೂ ಕಸಿದಿದ್ದೇನೆಂದು — ಅದು ಗೊತ್ತಿರಲಿಲ್ಲ. ಅವರನ್ನು ನೇರವಾಗಿ ಪ್ರಭಾಕರ್ ಅವರ ಕೋಣೆಗೆ ಕರೆದುಕೊಂಡು ಹೋದೆ. ನನ್ನ ಹಳೆಯ ಫೈಲ್ ತೆರೆದು, ಮುಖಗಳನ್ನು ಬೆಳ್ಳಗೆ ಮಾಡಿದ್ದು ನಾನೇ ಎಂದು ತೋರಿಸಿದೆ. ಈ ಸಲ ಇಂಗ್ಲಿಷಿನಲ್ಲಿ.

ಮುತುವಾ ಕಂಪ್ಯೂಟರಿನ ಹತ್ತಿರಕ್ಕೆ ಬಗ್ಗಿ ನೋಡಿದರು. “ಹಾಗಾದ್ರೆ ನನ್ನ ಕಣ್ಣು ಸರಿ ಇದೆ,” ಎಂದರು. ನಕ್ಕರು. ಆಮೇಲೆ ಎರಡು ವಾರ ನನ್ನೊಡನೆ ಮಾತಾಡಲಿಲ್ಲ.

ನನ್ನ ಹೆಡ್ ಹುದ್ದೆ ಹೋಯಿತು. ಹೋಗಬೇಕಾದದ್ದೇ. ತಪ್ಪು ಒಪ್ಪಿಕೊಂಡ ದಿನ ಸಂಜೆ, ಇಲ್ಲಿ ಮಟಾಟು ಎನ್ನುವ ಬಾಡಿಗೆ ವ್ಯಾನಿನಲ್ಲಿ ನಾನಿರುವ ನ್ಗಾರಾಗೆ ಬರುವಾಗ ನಿದ್ದೆ ಬಂತು — ಇಳಿಯುವ ಸ್ಟಾಪ್ ದಾಟಿ ಹೋಗುವಷ್ಟು ಗಾಢ ನಿದ್ದೆ.

ಕಂಪನಿ ಕೊನೆಗೂ ಕಳಿಸಿದ ಆ ಕೋರ್ಸನ್ನು ಮುತುವಾ ಮುಗಿಸಿದರು. ಕಳೆದ ಶನಿವಾರ ಸರ್ಟಿಫಿಕೇಟ್ ಕೊಡುವ ಸಮಾರಂಭ, ಮುತುವಾ ನನ್ನನ್ನೂ ಕರೆದಿದ್ದರು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೇರ ಬಂದು, ತಮ್ಮೂರು ಮಚಾಕೋಸ್‌ನಿಂದ ಬಂದಿದ್ದ ತಾಯಿಯ ಮಡಿಲಲ್ಲಿಟ್ಟರು. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಏನೆಂದರು ಎಂದು ಮುತುವಾ ಅವರನ್ನು ಕೇಳಿದೆ.

“ನಿಮ್ಮ ಮೇಲೆ ಕೋಪ ಇನ್ನೂ ಹೋಗಿಲ್ವಂತೆ,” ಎಂದರು. “ಆದ್ರೂ ಊಟ ಮಾಡ್ಕೊಂಡೇ ಹೋಗ್ಬೇಕಂತೆ.”